ವಯಸ್ಸಾದಂತೆ ಬಿಪಿ ಇಳಿದ ಗ್ರಾಫ್

ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ನಾನೊಂದು ಗ್ರಾಫ್ ಹಾಕಿದೆ. ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಬಿಡದೆ ಗಮನಿಸುವ ಆರೋಗ್ಯ ಅಧ್ಯಯನ ನಮ್ಮದು. ಆಗ ನಾಲ್ಕು ಸುತ್ತಿನ ತಪಾಸಣೆ ಮುಗಿದಿತ್ತು. ನನ್ನ ಗ್ರಾಫ್ ನಂಬುವುದಾದರೆ, ಅರವತ್ತು ದಾಟಿದವರ ಸರಾಸರಿ ಬಿಪಿ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿತ್ತು. ಖುಷಿಯಿಂದ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ. "ಕೊನೇ ಸುತ್ತಿಗೆ ಎಷ್ಟು ಜನ ಬಂದಿದ್ರು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಆ ಒಂದು ಗ್ರಾಫಿನ ಗಂಟು ಬಿಡಿಸೋಕೆ ಆರು ವಾರ ಹಿಡಿಯಿತು.

ಮೊದಲು ಸುಳಿವು ಕೊಟ್ಟಿದ್ದು ಕೊನೆಯ ಅಂಕಿ. ಸುಮ್ನೆ ಕುತೂಹಲಕ್ಕೆ, ಪ್ರತಿ ಸುತ್ತಿನ ಬಿಪಿ ಯಾವ ಅಂಕಿಯಲ್ಲಿ ಮುಗಿಯುತ್ತದೆ ಅಂತ ಎಣಿಸಿದೆ. ಮೊದಲ ಎರಡು ಸುತ್ತುಗಳಲ್ಲಿ 120, 130, 140 ರಾಶಿ ಬಿದ್ದಿದ್ದವು. ಬೆಸ ಸಂಖ್ಯೆ ಒಂದೂ ಇಲ್ಲ. ಪಾದರಸದ ಬಿಪಿ ಯಂತ್ರದಲ್ಲಿ 2 ಮಿ.ಮೀ.ಗೊಂದು ಗೆರೆ ಇರುತ್ತದೆ, ಬೆಸ ಬರುವುದೆಲ್ಲಿಂದ? ಅದರ ಮೇಲೆ, ಕಣ್ಣಿನಿಂದ ಓದುವವರು ಹತ್ತಿರದ ಸೊನ್ನೆಗೆ ಜಾರಿಬಿಡುತ್ತಾರೆ. ಮೂರನೇ ಸುತ್ತಿನಿಂದ ಇದ್ದಕ್ಕಿದ್ದಂತೆ 127, 133, 141. ಯಂತ್ರ ಡಿಜಿಟಲ್ ಆಗಿತ್ತು! ಯಾವ ಕಾಲಂನಲ್ಲಿ ಏನಿದೆ ಅಂತ ವಿವರಿಸುವ ಕೋಡ್‌ಬುಕ್‌ನಲ್ಲಿ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹಳೇ ಕಡತಗಳನ್ನು ಕೆದಕಿದಾಗ, ಒಂದಿಷ್ಟು ಜನರಿಗೆ ಒಂದೇ ದಿನ ಎರಡೂ ಯಂತ್ರಗಳಲ್ಲಿ ಅಳೆದ ಪಟ್ಟಿ ಸಿಕ್ಕಿತು. ಹೊಸ ಯಂತ್ರ ಕೊಂಚ ಕಡಿಮೆ ತೋರಿಸುತ್ತಿತ್ತು. ಪುಣ್ಯಕ್ಕೆ ಆ ಪಟ್ಟಿಯನ್ನು ಯಾರೂ ಎಸೆದಿರಲಿಲ್ಲ.

ಇಂಥ ಅಧ್ಯಯನಗಳ ಹಣೆಬರಹವೇ ಇದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ 5,209 ಜನರೊಂದಿಗೆ ಶುರುವಾದ ಹೃದಯ ಅಧ್ಯಯನ 1971ರಲ್ಲಿ ಅವರ ಮಕ್ಕಳನ್ನು, 2002ರಲ್ಲಿ ಮೊಮ್ಮಕ್ಕಳನ್ನು ಸೇರಿಸಿಕೊಂಡಿತು. ಅಷ್ಟು ವರ್ಷದಲ್ಲಿ ಯಂತ್ರ, ಪ್ರಶ್ನೆ, ಅಳೆಯುವ ಕೈ ಎಲ್ಲವೂ ಬದಲಾಗುತ್ತವೆ. ಕಾಲಂ ಹೆಸರು ಮಾತ್ರ ಹಾಗೇ ಇರುತ್ತದೆ.

ಎರಡನೆಯದು ಮಾತ್ರೆ. ಮಾತ್ರೆ ತಗೊಳ್ಳುವವರ 130 ಮತ್ತು ತಗೊಳ್ಳದವರ 130 ಒಂದೇ ಅಲ್ಲ, ಅಲ್ವಾ? ಸುತ್ತು ಕಳೆದಂತೆ ಮಾತ್ರೆ ತಗೊಳ್ಳುವವರು ಜಾಸ್ತಿಯಾಗಿದ್ದರು. ಅಂಥವರ ಬಿಪಿಯ ಮೇಲಿನ ಅಂಕಿಗೆ 10 ಅಥವಾ 15 ಸೇರಿಸಿ ಲೆಕ್ಕ ಹಾಕುವ ರೂಢಿಯಿದೆ. ಒರಟು ಉಪಾಯ, ಒಪ್ಪುತ್ತೇನೆ. ಆದರೆ ಅವರನ್ನು ಪೂರ್ತಿ ಕೈಬಿಡುವುದು ಇನ್ನೂ ಕೆಟ್ಟದು.

ಮೂರನೆಯದೇ ದೊಡ್ಡದು. ಬಂದಿಲ್ಲದವರು. ಫಾರಂನ ಕೊನೆಯಲ್ಲಿ 'ಷರಾ' ಅಂತ ಒಂದು ಕಾಲಂ ಇತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ನಾನು ಎರಡು ದಿನ ಕೂತು ಓದಿದೆ. 'ಮಗಳ ಮನೆಗೆ ಹೋಗಿದ್ದಾರೆ.' 'ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ.' 'ಇನ್ನು ಸಾಕು ಎಂದರು.' 'ಫೋನ್ ಎತ್ತಿದ್ದು ಹೆಂಡತಿ, ತೀರಿಕೊಂಡು ಎಂಟು ತಿಂಗಳಾಯಿತಂತೆ.' ಬಿಪಿ ಜಾಸ್ತಿ ಇದ್ದವರೇ ಹೆಚ್ಚಾಗಿ ಪಟ್ಟಿಯಿಂದ ಜಾರಿಹೋಗಿದ್ದರು. ಉಳಿದ ಗಟ್ಟಿಮುಟ್ಟಾದವರ ಸರಾಸರಿಯನ್ನು ನಾನು ಎಲ್ಲರ ಸರಾಸರಿ ಅಂದುಕೊಂಡಿದ್ದೆ.

ಇಲ್ಲೊಂದು ಎಚ್ಚರಿಕೆ ಬೇಕು. ಖಾಲಿ ಜಾಗ ತುಂಬಿಕೊಡು ಅಂದರೆ ಸಾಫ್ಟ್‌ವೇರ್ ಸತ್ತವರ ಬಿಪಿಯನ್ನೂ ತುಂಬಿಕೊಡುತ್ತದೆ, ಅದಕ್ಕೇನು! ನನ್ನ ಮೊದಲ ಪ್ರಯತ್ನದಲ್ಲಿ ಹಾಗೇ ಆಗಿತ್ತು. ಆಮೇಲೆ ತೀರಿಕೊಂಡವರನ್ನು, ಬದುಕಿದ್ದೂ ಬಾರದವರನ್ನು ಬೇರೆ ಬೇರೆ ಮಾಡಿದೆ. ಬಾರದವರಂತೆಯೇ ವಯಸ್ಸು, ಕಾಯಿಲೆ, ಹಿಂದಿನ ಬಿಪಿ ಇದ್ದೂ ಬಂದವರಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟೆ. ತೀರಿಕೊಂಡವರನ್ನು ಅವರು ಬದುಕಿದ್ದ ಸುತ್ತುಗಳವರೆಗೆ ಮಾತ್ರ ಎಣಿಸಿದೆ. ಹೇಳೋಕೆ ಎರಡು ಸಾಲು, ಮಾಡೋಕೆ ಮೂರು ವಾರ.

ಹೊಸ ಗ್ರಾಫ್‌ನಲ್ಲಿ ಗೆರೆ ನಿಧಾನವಾಗಿ ಮೇಲೇರಿ, ಕೊನೆಯಲ್ಲಿ ಸ್ವಲ್ಪ ಬಾಗಿತ್ತು. ಆ ಬಾಗು ನಿಜವೋ, ಬಾರದವರ ನೆರಳೋ ಅಂತ ಇನ್ನೂ ವಾದ ನಡೆದಿದೆ. ಐದನೇ ಸುತ್ತಿನಲ್ಲಿ, ಬರಲಾಗದವರ ಮನೆಗೇ ಹೋಗಿ ಅಳೆಯಲು ತಂಡ ಒಪ್ಪಿದೆ. ಬಿಪಿ ಯಂತ್ರದ ಮಾಡೆಲ್ ನಂಬರ್ ಬರೆಯೋಕೆ ಫಾರಂನಲ್ಲಿ ಒಂದು ಕಾಲಂ ಕೂಡ ಹಾಕಿಸಿದ್ದೇನೆ.