ಬೇರನ್ನು ನೋಡಿ ಬೆಳೆಸಿದ ಕಳ್ಳಿಗಳು

ಪಾಪಾಸುಕಳ್ಳಿಗಳಿಗೂ ಇತರ ರಸಭರಿತ ಸಸ್ಯಗಳಿಗೂ ಆರೈಕೆಯೇ ಬೇಕಿಲ್ಲ, ಮರೆತುಬಿಟ್ಟರೂ ಅವು ತಮ್ಮಷ್ಟಕ್ಕೆ ಬದುಕಿಕೊಳ್ಳುತ್ತವೆ ಎಂಬ ಮಾತು ಹೊಸದಾಗಿ ಬೆಳೆಸತೊಡಗುವವರ ಕಿವಿಗೆ ಮೊದಲು ಬೀಳುತ್ತದೆ. ಹಲವು ವರ್ಷಗಳಿಂದ ಈ ಗಿಡಗಳ ಒಡನಾಟದಲ್ಲಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಮರೆತುಬಿಟ್ಟ ಗಿಡ ಸಾಯದೆ ಉಳಿಯಬಹುದು, ಆದರೆ ಅದು ಚೆನ್ನಾಗಿ ಬೆಳೆಯುವುದಿಲ್ಲ, ಹೂ ಬಿಡುವುದೂ ಅಪರೂಪ. ಬೆಳೆಯುವ ಕಾಲದಲ್ಲಿ ಅವು ಧಾರಾಳವಾಗಿ ನೀರು ಕುಡಿಯುತ್ತವೆ. ಕುಡಿದ ಮೇಲೆ ಬೇರಿನ ಸುತ್ತ ಬೇಗನೆ ಗಾಳಿಯಾಡಬೇಕೆಂದು ಬಯಸುತ್ತವೆ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈ ಎರಡು ಬೇಡಿಕೆಗಳನ್ನು ಒಂದೇ ಕುಂಡದೊಳಗೆ ಹೊಂದಿಸುವ ವಿಷಯಕ್ಕೆ ಸೇರಿದ್ದು. ಅದನ್ನು ನನಗೆ ಕಲಿಸಿದ್ದು ಕಣ್ಣಿಗೆ ಕಾಣುವ ಕಾಂಡ ಎಲೆಗಳಿಗಿಂತ ಹೆಚ್ಚಾಗಿ ಮಣ್ಣಿನೊಳಗಿನ ಬೇರು.

ಗಿಡ ಯಾವ ಕುಲಕ್ಕೆ ಸೇರಿದ್ದು ಎಂದು ತಿಳಿಯದೆ ನೀರಿನ ಕ್ರಮ ಗೊತ್ತಾಗುವುದಿಲ್ಲವಾದ್ದರಿಂದ ನಾನು ಗುರುತಿಸುವುದರಿಂದಲೇ ಆರಂಭಿಸಿದೆ. ಮುಳ್ಳಿರುವುದೆಲ್ಲ ಪಾಪಾಸುಕಳ್ಳಿಯಲ್ಲ. ನಿಜವಾದ ಪಾಪಾಸುಕಳ್ಳಿಯಲ್ಲಿ, ಅಂದರೆ ಕ್ಯಾಕ್ಟಸ್‌ನಲ್ಲಿ, ಮುಳ್ಳುಗಳು ಏರಿಯೋಲ್ ಎಂಬ ಸಣ್ಣ ದಿಂಬಿನಂಥ ಭಾಗದಿಂದ ಹೊರಡುತ್ತವೆ. ಹೂವೂ ಹೊಸ ಕವಲೂ ಸಾಮಾನ್ಯವಾಗಿ ಅಲ್ಲಿಂದಲೇ ಮೂಡುತ್ತವೆ. ನೋಡಲು ಅದನ್ನೇ ಹೋಲುವ ಯುಫೋರ್ಬಿಯಾ ಕಳ್ಳಿಗಳಲ್ಲಿ ಏರಿಯೋಲ್ ಇರುವುದಿಲ್ಲ, ಮುಳ್ಳುಗಳು ಹೆಚ್ಚಾಗಿ ಜೋಡಿಯಾಗಿರುತ್ತವೆ, ಮತ್ತು ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಆ ಹಾಲು ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯನ್ನೇ ಮಾಡಬಲ್ಲದು. ಯುಫೋರ್ಬಿಯಾವನ್ನು ಕತ್ತರಿಸುವಾಗ ನಾನು ಕೈಗವಸು ಮತ್ತು ಕನ್ನಡಕ ಎರಡನ್ನೂ ಧರಿಸುತ್ತೇನೆ. ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಒಂದು ಪ್ರಭೇದವನ್ನು ಬಿಟ್ಟರೆ ಕ್ಯಾಕ್ಟಸ್ ಕುಟುಂಬದ ಸಸ್ಯಗಳೆಲ್ಲ ಅಮೆರಿಕ ಖಂಡಗಳಿಗಷ್ಟೇ ಸಹಜವಾದವು. ಬೆಣಚುಕಲ್ಲಿನಂತೆ ಕಾಣುವ ಲಿಥಾಪ್ಸ್, ಹಾವರ್ಥಿಯಾ ಮುಂತಾದ ರಸಭರಿತ ಸಸ್ಯಗಳ ತವರು ಆಫ್ರಿಕದ ದಕ್ಷಿಣ ಭಾಗ. ತವರಿನಲ್ಲಿ ಮಳೆ ಬೀಳುವ ಋತು ಯಾವುದು ಎಂಬುದನ್ನು ಈ ಗಿಡಗಳು ಬೇರೆ ಹವೆಗೆ ಬಂದ ಮೇಲೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ನೀರನ್ನು ಉಳಿಸಿಕೊಳ್ಳುವ ಇವುಗಳ ಕ್ರಮವನ್ನೂ ತಿಳಿದಿರಬೇಕು. ಬಹುಪಾಲು ಕಳ್ಳಿ ಮತ್ತು ರಸಭರಿತ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆದ್ದರಿಂದ ರಾತ್ರಿಯೂ ಬಿಸಿ ಇಳಿಯದ ದಿನಗಳಲ್ಲಿ ದಪ್ಪ ಎಲೆಗಳನ್ನು ಗುಲಾಬಿಯ ಎಸಳಿನಂತೆ ಜೋಡಿಸಿಕೊಳ್ಳುವ ಎಚೆವೇರಿಯಾದಂಥ ಗಿಡಗಳ ಬೆಳವಣಿಗೆ ಕುಂಠಿತವಾಗುತ್ತದೆ. ಬಿಸಿಲು ಚೆನ್ನಾಗಿದೆಯೆಂದು ಆ ದಿನಗಳಲ್ಲಿ ಹೆಚ್ಚು ನೀರು ಹಾಕಿದರೆ ಬೇರು ಅದನ್ನು ಬಳಸಿಕೊಳ್ಳಲಾರದು. ಕಡುಬೇಸಿಗೆಯಲ್ಲಿ ನಾನು ನೀರಿನ ಅಂತರವನ್ನು ಹೆಚ್ಚಿಸುತ್ತೇನೆ ಮತ್ತು ಸಂಜೆ ಕುಂಡ ತಣಿದ ಮೇಲಷ್ಟೇ ನೀರು ಕೊಡುತ್ತೇನೆ.

ಮಣ್ಣಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದೇ ತಾಯಿಗಿಡದಿಂದ ಬಂದ ಎಚೆವೇರಿಯಾ ಮರಿಗಳನ್ನು ಬೇರೆಬೇರೆ ಮಿಶ್ರಣಗಳಲ್ಲಿ ನೆಟ್ಟು, ಕೆಲವು ತಿಂಗಳಿಗೊಮ್ಮೆ ಕುಂಡದಿಂದ ಮೆಲ್ಲನೆ ಹೊರತೆಗೆದು ಬೇರುಗಳನ್ನು ಹೋಲಿಸಿ ನೋಡಿದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹೆಚ್ಚಾಗಿದ್ದ ಕುಂಡದಲ್ಲಿ ಬೇರುಗಳು ಅಂಚಿನ ಗೋಡೆಗೆ ಅಂಟಿಕೊಂಡು ಹರಡಿದ್ದವು. ನಡುವಿನ ಭಾಗ ತಿಂಗಳುಗಟ್ಟಲೆ ತೇವವಾಗಿದ್ದು ಅಲ್ಲಿ ಬೇರೇ ಇರಲಿಲ್ಲ. ಹರಳು ಹೆಚ್ಚಾಗಿದ್ದ ಮಿಶ್ರಣದಲ್ಲಿ ಸಣ್ಣ ಬಿಳಿ ಬೇರುಗಳು ಕುಂಡದ ತುಂಬ ಹೆಣೆದುಕೊಂಡಿದ್ದವು. ಅಂದಿನಿಂದ ಮರುಭೂಮಿಯ ಕ್ಯಾಕ್ಟಸ್‌ಗಳಿಗೆ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕಿಂತ ಹೆಚ್ಚು ಹರಳನ್ನೇ ಬಳಸುತ್ತಿದ್ದೇನೆ. ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಇಟ್ಟಿಗೆಯ ಚೂರು, ದಪ್ಪ ಮರಳು, ಯಾವುದಾದರೂ ಆದೀತು. ಹರಳಿನ ಗಾತ್ರ ಎರಡರಿಂದ ಆರು ಮಿಲಿಮೀಟರ್ ಇರಬೇಕು, ಮತ್ತು ಜರಡಿ ಹಿಡಿದು ದೂಳನ್ನು ತೆಗೆದಿರಬೇಕು. ಜರಡಿ ಹಿಡಿಯುವ ಕೆಲಸವನ್ನು ಅನೇಕರು ಬಿಟ್ಟುಬಿಡುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ಮಿಶ್ರಣದ ಪಾಲುಗಳಿಗಿಂತಲೂ ಅದೇ ಮುಖ್ಯ. ದೂಳೂ ನಯವಾದ ಮರಳೂ ಹರಳುಗಳ ನಡುವಿನ ಸಂದುಗಳನ್ನು ತುಂಬಿಬಿಟ್ಟರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ನಯವಾದ ಮಣ್ಣಿನಲ್ಲಿರುವ ನೀರು ಆ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಕೆಳಗಿನ ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ಮೊದಲು ತಳದಲ್ಲಿ ನಿಲ್ಲುತ್ತಿದ್ದ ತೇವದ ಪದರ ಈಗ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತದೆ. ನೆನೆದ ಸ್ಪಂಜನ್ನು ಮಲಗಿಸಿ ಹಿಡಿದಾಗ ಸೋರಿ ನಿಂತ ನೀರು, ಅದನ್ನೇ ಎತ್ತಿ ನೆಟ್ಟಗೆ ಹಿಡಿದರೆ ಮತ್ತೆ ಸೋರತೊಡಗುವುದನ್ನು ನೋಡಿದರೆ ಇದರ ತತ್ವ ತಿಳಿಯುತ್ತದೆ. ಅದೇ ಮಿಶ್ರಣ ಆಳವಾದ ಕುಂಡದಲ್ಲಿ ಚೆನ್ನಾಗಿ ಬಸಿಯುತ್ತದೆ, ಅಗಲವಾದ ತಟ್ಟೆಯಂಥ ಕುಂಡದಲ್ಲಿ ತೇವವನ್ನು ಹಿಡಿದಿಡುತ್ತದೆ. ಆಳವಿಲ್ಲದ ಕುಂಡವನ್ನೇ ಬಳಸುವುದಾದರೆ ಹರಳಿನ ಪಾಲನ್ನು ಹೆಚ್ಚಿಸುತ್ತೇನೆ. ಕುಂಡ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಮಣ್ಣಿನದು ಬೇಗ ಒಣಗುತ್ತದೆ, ಪ್ಲಾಸ್ಟಿಕ್ಕಿನದು ನಿಧಾನ, ಅಷ್ಟೇ. ಕೊಂಡು ತಂದ ಹೊಸ ಗಿಡವನ್ನು ನಾನು ಅದು ಬಂದ ಮಣ್ಣಿನಲ್ಲಿಯೇ ಬಿಡುವುದಿಲ್ಲ. ಹಳೆಯ ಮಣ್ಣನ್ನು ಪೂರ್ತಿ ಬಿಡಿಸಿ, ಬೇರುಗಳನ್ನು ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಒಣ ಮಿಶ್ರಣದಲ್ಲಿ ನೆಟ್ಟು, ಒಂದು ವಾರ ಕಳೆದ ಮೇಲೆ ಮೊದಲ ನೀರು ಕೊಡುತ್ತೇನೆ. ಆ ವೇಳೆಗೆ ಬೇರಿನ ಗಾಯಗಳು ಒಣಗಿರುತ್ತವೆ, ಕೊಳೆರೋಗ ಒಳಹೊಗಲು ದಾರಿಯಿರುವುದಿಲ್ಲ.

ನೀರು ಹಾಕುವ ದಿನವನ್ನು ನಾನು ಪಂಚಾಂಗ ನೋಡಿ ನಿರ್ಧರಿಸುವುದಿಲ್ಲ. ನೀರು ಕುಡಿದ ಕುಂಡವನ್ನೂ ಪೂರ್ತಿ ಒಣಗಿದ ಕುಂಡವನ್ನೂ ಕೈಯಲ್ಲಿ ಎತ್ತಿ ಎತ್ತಿ ತೂಕದ ಅಂದಾಜು ಹಿಡಿದಿದ್ದೇನೆ. ಎತ್ತಲಾಗದ ದೊಡ್ಡ ಕುಂಡಗಳಿಗೆ ತೆಳ್ಳನೆಯ ಬಿದಿರುಕಡ್ಡಿಯನ್ನು ತಳದವರೆಗೆ ಚುಚ್ಚಿ ಹೊರತೆಗೆದು ತೇವವನ್ನು ಪರೀಕ್ಷಿಸುತ್ತೇನೆ. ಕೊಡುವಾಗ ತಳದ ರಂಧ್ರದಿಂದ ಹರಿದುಹೋಗುವಷ್ಟು ಕೊಡುತ್ತೇನೆ. ಚಮಚದ ಲೆಕ್ಕದಲ್ಲಿ ಕೊಟ್ಟ ನೀರು ಮೇಲಿನ ಪದರವನ್ನಷ್ಟೇ ನೆನೆಸುತ್ತದೆ, ಆಳದ ಬೇರು ಒಣಗಿ ಸಾಯುತ್ತದೆ. ಗಿಡವೂ ಸೂಚನೆ ಕೊಡುತ್ತದೆ: ಎಚೆವೇರಿಯಾದ ಕೆಳಗಿನ ಎಲೆಗಳು ಸುಕ್ಕುಗಟ್ಟುತ್ತವೆ, ಕ್ರಾಸುಲಾದ ಎಲೆ ಒತ್ತಿದರೆ ಮೆತ್ತಗಾಗಿರುತ್ತದೆ, ಕಂಬದಂಥ ಕ್ಯಾಕ್ಟಸ್‌ನ ಏಣುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆದರೆ ಬೇರು ಕೊಳೆತ ಗಿಡವೂ ಇದೇ ರೀತಿ ಸುಕ್ಕುಗಟ್ಟುತ್ತದೆ, ಏಕೆಂದರೆ ನೀರಿನ ನಡುವೆಯೇ ಇದ್ದರೂ ಅದನ್ನು ಎಳೆದುಕೊಳ್ಳಲು ಅದಕ್ಕೆ ಬೇರಿಲ್ಲ. ಅನೇಕ ಗಿಡಗಳು ಸಾಯುವುದು ಇಲ್ಲಿಯೇ: ಬಾಯಾರಿದೆಯೆಂದು ಭಾವಿಸಿ ಇನ್ನಷ್ಟು ನೀರು ಹಾಕಲಾಗುತ್ತದೆ. ನೀರು ಕೊಟ್ಟು ಕೆಲವು ದಿನಗಳಾದರೂ ಗಿಡ ತುಂಬಿಕೊಳ್ಳದಿದ್ದರೆ ನಾನು ಎರಡನೆಯ ಬಾರಿ ನೀರು ಹಾಕದೆ ಗಿಡವನ್ನು ಹೊರತೆಗೆದು ನೋಡುತ್ತೇನೆ. ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಶುದ್ಧವಾದ ಚಾಕುವಿನಿಂದ, ಪ್ರತಿ ಸಲವೂ ಅದನ್ನು ಒರೆಸಿಕೊಳ್ಳುತ್ತ, ಕಾಂಡದ ನಡುವಿನ ಉಂಗುರದಲ್ಲಿ ಕಂದು ಕಲೆ ಒಂದಿಷ್ಟೂ ಉಳಿಯದವರೆಗೆ ಕತ್ತರಿಸಿ, ಗಾಯಕ್ಕೆ ಗಂಧಕದ ಪುಡಿ ಸವರಿ, ಅದು ಗಟ್ಟಿಯಾಗಿ ಒಣಗುವವರೆಗೆ ನೆರಳಿನಲ್ಲಿಡುತ್ತೇನೆ. ದಪ್ಪ ಕಾಂಡಕ್ಕೆ ಇದು ವಾರಗಟ್ಟಲೆ ಹಿಡಿಯುತ್ತದೆ. ಅವಸರಪಡುವ ಅಗತ್ಯವಿಲ್ಲ, ಕಾಂಡದಲ್ಲಿ ಕೂಡಿಟ್ಟ ನೀರು ಅಷ್ಟು ದಿನಕ್ಕೆ ಸಾಕಾಗುತ್ತದೆ.

ವಿಶ್ರಾಂತಿಯ ಕಾಲ ಎಲ್ಲಕ್ಕೂ ಒಂದೇ ಅಲ್ಲ. ಮ್ಯಾಮಿಲೇರಿಯಾ, ರೆಬ್ಯುಷಿಯಾದಂಥ ಕ್ಯಾಕ್ಟಸ್‌ಗಳಿಗೆ ಚಳಿಗಾಲದಲ್ಲಿ ಒಣ ಮಣ್ಣೂ ತಂಪೂ ಬೇಕು. ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಒಣಗಿ ನಿಂತ ಗಿಡ ಮುಂದಿನ ಋತುವಿನಲ್ಲಿ ಹೇರಳವಾಗಿ ಮೊಗ್ಗು ಕಟ್ಟುತ್ತದೆ. ಅಯೋನಿಯಂ ಎಂಬ ರಸಭರಿತ ಗಿಡ ಇದಕ್ಕೆ ವಿರುದ್ಧವಾಗಿ ಬೇಸಿಗೆಯಲ್ಲಿ ಮಲಗುತ್ತದೆ. ಬ್ರಹ್ಮಕಮಲವೆಂದು ಪರಿಚಿತವಾಗಿರುವ ಎಪಿಫಿಲ್ಲಮ್ ಆಕ್ಸಿಪೆಟಲಮ್ ಕ್ಯಾಕ್ಟಸ್ ಕುಟುಂಬದ್ದೇ ಆದರೂ ಕಾಡಿನ ಮರಗಳ ಮೇಲೆ ಬೆಳೆಯುವಂಥದು. ಅದಕ್ಕೆ ಎಲೆಗೊಬ್ಬರ ಹೆಚ್ಚಿರುವ ಮಿಶ್ರಣವೂ ಸೋಸಿ ಬಂದ ಬೆಳಕೂ ಹಿತ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಲಿಥಾಪ್ಸ್. ಹೂ ಬಿಟ್ಟ ಮೇಲೆ ಅದರ ಹಳೆಯ ಎಲೆಜೋಡಿಯ ಒಳಗೆ ಹೊಸ ಜೋಡಿ ಬೆಳೆಯುತ್ತದೆ ಮತ್ತು ಹಳೆಯದರಲ್ಲಿರುವ ನೀರನ್ನೇ ಹೀರಿಕೊಂಡು ದೊಡ್ಡದಾಗುತ್ತದೆ. ಹಳೆಯ ಜೋಡಿ ಕಾಗದದಂತೆ ತೆಳುವಾಗಿ ಒಣಗುವ ತನಕ ಒಂದು ಹನಿ ನೀರನ್ನೂ ಕೊಡಬಾರದು. ಕೊಟ್ಟರೆ ಹಳೆಯ ಎಲೆಗಳು ಒಣಗದೆ ಉಳಿದು ಗಿಡದ ಆಕಾರ ಕೆಡುತ್ತದೆ, ಹಲವೊಮ್ಮೆ ಮೈ ಸೀಳಿ ಕೊಳೆಯುತ್ತದೆ. ಈ ತಿಂಗಳುಗಳಲ್ಲಿ ಸುಮ್ಮನೆ ನೋಡುತ್ತ ಕಾಯುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ.

ಬೆಳಕು ಕಡಿಮೆಯಾದರೆ ಗಿಡ ಸಣಕಲಾಗಿ ನೀಳಕ್ಕೆ ಬೆಳೆಯುತ್ತದೆ, ಕಂಬದಂಥ ಕ್ಯಾಕ್ಟಸ್‌ನಲ್ಲಿ ಹೀಗೆ ಕಿರಿದಾದ ಭಾಗ ಮತ್ತೆ ದಪ್ಪವಾಗುವುದಿಲ್ಲ. ಹಾಗೆಂದು ನೆರಳಿನಲ್ಲಿದ್ದುದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಸುಟ್ಟ ಕಲೆ ಶಾಶ್ವತವಾಗಿ ಉಳಿಯುತ್ತದೆ. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಒಗ್ಗಿಸಬೇಕು. ಗೊಬ್ಬರ ಬೆಳೆಯುವ ಕಾಲದಲ್ಲಿ ಮಾತ್ರ, ಸಾರಜನಕ ಕಡಿಮೆಯಿರುವುದನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧಕ್ಕಿಂತ ತೆಳುವಾಗಿ ಕರಗಿಸಿ ಕೊಟ್ಟರೆ ಸಾಕು. ಕೀಟಗಳಲ್ಲಿ ಹಿಟ್ಟುತಿಗಣೆಯೇ ದೊಡ್ಡ ಶತ್ರು. ಎಲೆಯ ಸಂದಿನಲ್ಲಿರುವವನ್ನು ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕುಂಚದಿಂದ ಒರೆಸಬಹುದು, ಆದರೆ ಬೇರಿನಲ್ಲಿ ಅಡಗಿ ಬಿಳಿ ಮೇಣದಂತೆ ಕಾಣುವ ಬಗೆ ಕುಂಡ ಬಿಚ್ಚಿದಾಗಷ್ಟೇ ಸಿಕ್ಕಿಬೀಳುತ್ತದೆ. ಬೆಳೆಯುವ ಕಾಲದಲ್ಲಿ ನಿಂತೇಹೋದ ಗಿಡದ ಬೇರನ್ನು ನೋಡಲು ಇದೂ ಒಂದು ಕಾರಣ.

ಬೀಜದಿಂದ ಬೆಳೆಸುವುದು ನಿಧಾನವಾದ ದಾರಿ, ಆದರೆ ಕ್ಯಾಕ್ಟಸ್ ಪ್ರಿಯರಿಗೆ ಅದನ್ನೇ ನಾನು ಹೆಚ್ಚು ಒತ್ತಿ ಹೇಳುತ್ತೇನೆ. ಬಿಸಿಮಾಡಿ ಶುದ್ಧಗೊಳಿಸಿದ ತೇವದ ಮಿಶ್ರಣದ ಮೇಲೆ ಬೀಜವನ್ನು ಚೆಲ್ಲಿ, ಮುಚ್ಚದೆ ಹಾಗೆಯೇ ಬಿಟ್ಟು, ಕುಂಡವನ್ನು ಪಾರದರ್ಶಕ ಚೀಲದಲ್ಲಿ ಕಟ್ಟಿ, 20ರಿಂದ 30 ಡಿಗ್ರಿ ಶಾಖದಲ್ಲಿ, ನೇರ ಬಿಸಿಲು ತಾಗದ ಒಳ್ಳೆಯ ಬೆಳಕಿನಲ್ಲಿಡುತ್ತೇನೆ. ಆಸ್ಟ್ರೋಫೈಟಮ್ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಗಟ್ಟಿ ಸಿಪ್ಪೆಯ ಒಪುಂಷಿಯಾಗೆ ತಾಳ್ಮೆ ಬೇಕು. ದೊಡ್ಡ ಗಿಡಕ್ಕೆ ಹೇಳಿದ ನಿಯಮ ಇಲ್ಲಿ ತಲೆಕೆಳಗಾಗುತ್ತದೆ: ಸಸಿಯ ಮೈಯಲ್ಲಿ ನೀರಿನ ಸಂಗ್ರಹವಿನ್ನೂ ಇಲ್ಲದ ಕಾರಣ ಮೊದಲ ತಿಂಗಳುಗಳಲ್ಲಿ ಅದು ಒಣಗಲೇಬಾರದು. ಮುಳ್ಳುಗಳು ಸ್ಪಷ್ಟವಾಗಿ ಮೂಡಿದ ಮೇಲೆ ಚೀಲವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆದು ಹೊರಗಿನ ಗಾಳಿಗೆ ಒಗ್ಗಿಸುತ್ತೇನೆ.

ಬೀಜದ ಪರವಾಗಿ ಇಷ್ಟು ಹೇಳಲು ಇನ್ನೊಂದು ಕಾರಣವಿದೆ. 2015ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನವೊಂದು 1478 ಕ್ಯಾಕ್ಟಸ್ ಪ್ರಭೇದಗಳನ್ನು ಪರಿಶೀಲಿಸಿ ಅವುಗಳಲ್ಲಿ ಶೇ 31ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ತಿಳಿಸಿತು. ಸಂಗ್ರಾಹಕರಿಗಾಗಿ ಗಿಡಗಳನ್ನೂ ಬೀಜಗಳನ್ನೂ ಕಾಡಿನಿಂದ ಕಿತ್ತು ತರುವುದು ಅದರ ಮುಖ್ಯ ಕಾರಣಗಳಲ್ಲೊಂದು. ಅಪಾಯದಲ್ಲಿರುವ ಪ್ರಾಣಿ ಸಸ್ಯಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡಿರುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದದಡಿ ಕ್ಯಾಕ್ಟಸ್ ಕುಟುಂಬದ ಬಹುತೇಕ ಎಲ್ಲ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಏರಿಯೋಕಾರ್ಪಸ್ ಕುಲವೂ ಆಸ್ಟ್ರೋಫೈಟಮ್ ಆಸ್ಟೀರಿಯಾಸ್ ಪ್ರಭೇದವೂ ಅತ್ಯಂತ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿವೆ. ಕೊಳ್ಳುವಾಗ ಗಿಡವನ್ನು ಎಚ್ಚರದಿಂದ ನೋಡಬೇಕು. ನರ್ಸರಿಯಲ್ಲಿ ಬೀಜದಿಂದ ಬೆಳೆದ ಗಿಡಗಳು ನಯವಾಗಿ, ಒಂದರಂತೆ ಇನ್ನೊಂದು ಇರುತ್ತವೆ. ಕಾಡಿನಿಂದ ಬಂದದ್ದರ ಮೈ ಗಾಯ ಕಲೆಗಳಿಂದ ಒರಟಾಗಿ, ತಳ ಮರದಂತೆ ಬಲಿತು, ದಪ್ಪ ಬೇರುಗಳು ಸಲಿಕೆಗೆ ಸಿಕ್ಕಿ ಮೊಟಕಾಗಿರುತ್ತವೆ. ಅಂಥ ಗಿಡವನ್ನು ನಾನು ಕೊಳ್ಳುವುದಿಲ್ಲ, ಏರಿಯೋಕಾರ್ಪಸ್ ಬೇಕೆನಿಸಿದಾಗ ಬೀಜವನ್ನೇ ಬಿತ್ತುತ್ತೇನೆ.