ಮಹಾಪ್ರಾಣ ಆಮೇಲೆ ನೋಡನ

ನಮ್ಮ ಮನೆಯ ಹೊಸ್ತಿಲು ಸ್ವಲ್ಪ ಎತ್ತರ. ಮದುವೆಯಾಗಿ ಬಂದ 22 ವರ್ಷದಲ್ಲಿ ಅದನ್ನು ಎಷ್ಟು ಸಾವಿರ ಸಲ ದಾಟಿದ್ದೇನೋ. 2024ರ ಜನವರಿಯ ಒಂದು ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರವಲು ಹೊರಟಾಗ ಬಲಗಾಲು ಅದಕ್ಕೆ ತಾಗಿ ಮುಗ್ಗರಿಸಿದೆ. ಮಧ್ಯಾಹ್ನ ಇನ್ನೊಮ್ಮೆ. ಸಂಜೆ ಎಡಗಾಲು. "ಕಣ್ಣು ಎಲ್ಲಿಟ್ಟಿದ್ದೆಯೇ?" ಎಂದರು ಅತ್ತೆ. ಕಣ್ಣು ಸರಿಯಾಗಿಯೇ ಇತ್ತು. ಕಾಲು ಮಾತ್ರ ನಾನು ಅಂದುಕೊಂಡಷ್ಟು ಏಳುತ್ತಿರಲಿಲ್ಲ.

ಎರಡು ದಿನದಿಂದ ಕಾಲಿನ ಬೆರಳುಗಳು ಜುಮುಗುಡುತ್ತಿದ್ದವು. ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ, ರಾತ್ರಿ ಹನ್ನೊಂದರವರೆಗೆ ಕೂತು ಅಡಿಕೆ ಸುಲಿಯುವುದು, ಕಾಲು ಜೋಮು ಹಿಡಿದಿರಬೇಕು ಅಂತ ಸುಮ್ಮನಿದ್ದೆ. ಮರುದಿನ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ಅಡಿಕೆ ಕೈಯಿಂದ ಜಾರತೊಡಗಿತು. ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಜ್ವರ ಇರಲಿಲ್ಲ. ಆ ವರ್ಷ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯ ಇತ್ತಲ್ಲ, ಅದಂತೂ ಅಲ್ಲ ಅಂತ ಎಲ್ಲರಿಗೂ ಸಮಾಧಾನವಾಯಿತು. "ಟೆನ್ಶನ್ ಜಾಸ್ತಿ ಮಾಡ್ಕೋತೀರಿ" ಎಂದು ಹೇಳಿ ಬಿ12 ಇಂಜೆಕ್ಷನ್ ಕೊಟ್ಟು ಕಳಿಸಿದರು. ಹಾಗೆ ಎರಡು ದಿನ ಹೋಯಿತು. ಆ ಎರಡು ದಿನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೂರನೆಯ ದಿನ ಶಿರಸಿಯ ಸರ್ಕಾರಿ ಆಸ್ಪತ್ರೆ. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರ್. ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟಿದಳು. ಕಾಲು ಅಲ್ಲಾಡಲಿಲ್ಲ. ಇನ್ನೊಂದಕ್ಕೂ ತಟ್ಟಿದಳು, ಅದೂ ಇಲ್ಲ. ಆಮೇಲೆ "ಉಸಿರು ಎಳ್ಕೊಂಡು, ಒಂದೇ ಉಸಿರಲ್ಲಿ ಎಣಿಸ್ತಾ ಹೋಗಿ" ಎಂದಳು. 17ಕ್ಕೆ ನಿಂತಿತು. "ಇತ್ತೀಚೆಗೆ ಭೇದಿ, ಜ್ವರ ಏನಾದ್ರೂ ಆಗಿತ್ತಾ?" ಎಂದು ಕೇಳಿದಳು. ಎರಡು ವಾರದ ಹಿಂದೆ ಮೂರು ದಿನ ಭೇದಿಯಾಗಿತ್ತು. ನಾನು ಮರೆತೇಬಿಟ್ಟಿದ್ದೆ. ಅವಳು ರೆಫರಲ್ ಚೀಟಿ ಬರೆಯುತ್ತಲೇ ಆಂಬ್ಯುಲೆನ್ಸ್‌ಗೆ ಹೇಳಿ ಕಳಿಸಿದಳು.

ಘಟ್ಟದ ಮೇಲಿನ ನಮಗೆ ಹುಬ್ಬಳ್ಳಿ, ಕರಾವಳಿಯವರಿಗೆ ಮಣಿಪಾಲ ಇಲ್ಲಾ ಗೋವಾ. ದೊಡ್ಡ ಕಾಯಿಲೆ ಬಂದರೆ ಜಿಲ್ಲೆ ದಾಟಲೇಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದ ವಿಡಿಯೋ ನಾವೆಲ್ಲ ನೋಡಿದ್ದೆವಲ್ಲ, ಮಲಗಿದವಳಿಗೆ ಅದೇ ಕಣ್ಣ ಮುಂದೆ. ಅದನ್ನು ಮರೆಯಲು ಒಂದೇ ಉಸಿರಿನಲ್ಲಿ ಎಣಿಸುತ್ತಾ ಬಂದೆ. ಮುಂಡಗೋಡದಲ್ಲಿ 14. ಹುಬ್ಬಳ್ಳಿ ಮುಟ್ಟುವಾಗ 9.

ಕಾಯಿಲೆಯ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ಸುಲಭಕ್ಕೆ ಜಿಬಿಎಸ್ ಅನ್ನುತ್ತಾರೆ. ಡಾಕ್ಟರ್ ನಮ್ಮವರಿಗೆ ಹೇಳಿದ್ದು ಇಷ್ಟು. ಭೇದಿಯ ರೋಗಾಣುವಿನ ಜೊತೆ ಹೋರಾಡಲು ಹೊರಟ ಮೈಯ ರಕ್ಷಣಾ ಪಡೆ ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ನರದ ಮೇಲಿನ ಹೊದಿಕೆ ಹಾಳಾಗುತ್ತದೆ. ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದರೆ ಹೇಗೋ ಹಾಗೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಒಂದೊಂದೇ ಭಾಗದ ಶಕ್ತಿ ಕುಂದುತ್ತಾ ಬರುತ್ತದೆ. ಉಸಿರಾಟದ ಸ್ನಾಯುವಿಗೆ ಬಂದರೆ ವೆಂಟಿಲೇಟರ್ ಬೇಕು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆಚ್ಚಿನವರು ಮತ್ತೆ ನಡೆಯುತ್ತಾರೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನನಗೆ ಎರಡನೇ ದಿನ ವೆಂಟಿಲೇಟರ್ ಹಾಕಿದರು. ಮೊದಲು ಬಾಯಿಂದ, ಆಮೇಲೆ ಕುತ್ತಿಗೆಯಲ್ಲಿ ತೂತು ಮಾಡಿ. ಒಟ್ಟು 21 ದಿನ. ಔಷಧಿ ಅಂದರೆ ಇಮ್ಯುನೊಗ್ಲೋಬುಲಿನ್, ಬೇರೆಯವರು ದಾನ ಮಾಡಿದ ಪ್ಲಾಸ್ಮಾದಿಂದ ತೆಗೆದದ್ದು. ಕಿಲೋಗೆ ಎರಡು ಗ್ರಾಂ ಲೆಕ್ಕ. ನನ್ನ ತೂಕ 55 ಕಿಲೋ, ಹಾಗಾಗಿ 110 ಗ್ರಾಂ. ಐದು ಗ್ರಾಮಿನ 22 ಬಾಟಲಿ, ಐದು ದಿನದಲ್ಲಿ. ಅದೊಂದಕ್ಕೇ ಎರಡು ಲಕ್ಷದ ಮೇಲಾಯಿತು. ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ: ನಮ್ಮದು ಎಪಿಎಲ್ ಕಾರ್ಡು, ಆಯುಷ್ಮಾನ್‌ನಲ್ಲಿ ಸಿಕ್ಕಿದ್ದು ಸ್ವಲ್ಪ. ಉಳಿದದ್ದು ಸೊಸೈಟಿಯ ಸಾಲ, ನನ್ನ ಎರಡು ಬಳೆ, ಊರವರು ಕೈಗೆ ಕೊಟ್ಟದ್ದು. ಸಾಲ ಇನ್ನೂ ಇದೆ.

ಆದರೆ ನಾನು ಹೇಳಬೇಕಾದ್ದು ದುಡ್ಡಿನದ್ದಲ್ಲ.

ನಾನು ಐಸಿಯುನಲ್ಲಿ ಮಲಗಿದಾಗ ಮನೆಯಲ್ಲಿ ಕೊಯ್ದಿಟ್ಟ ಹಸಿ ಅಡಿಕೆ ರಾಶಿ ಬಿದ್ದಿತ್ತು. ಹಸಿ ಅಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಬಿಸಿಲಿಗೆ ಹಾಕಬೇಕು. ಯಜಮಾನರು ಹುಬ್ಬಳ್ಳಿಯಲ್ಲಿ. ಮನೆಯಲ್ಲಿ 74 ವರ್ಷದ ಅತ್ತೆ ಮತ್ತು ಎಸ್ಸೆಸ್ಸೆಲ್ಸಿ ಓದುವ ಮಗಳು. ಕೊಟ್ಟಿಗೆಯಲ್ಲಿ ಎರಡು ಆಕಳು.

ಮೊದಲ ವಾರ ಎಲ್ಲರೂ ಫೋನ್ ಮಾಡಿ "ಏನಾದ್ರೂ ಬೇಕಾದ್ರೆ ಹೇಳಿ" ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೆಂಡತಿ ವೆಂಟಿಲೇಟರ್ ಮೇಲಿರುವ ಮನುಷ್ಯನಿಗೆ ಏನು ಬೇಕು ಅಂತ ಯೋಚಿಸಿ ಹೇಳುವ ತಲೆ ಎಲ್ಲಿರುತ್ತದೆ? ಕೆಳಗಿನ ಮನೆ ಅಕ್ಕ ಏನೂ ಕೇಳಲಿಲ್ಲ. ಸಂಜೆ ಚೊಂಬು ಹಿಡಿದು ಬಂದು ಆಕಳು ಕರೆದರು. ಮರುದಿನವೂ ಬಂದರು. ಮೇಲಿನ ಮನೆ ಭಾವ ರಾತ್ರಿ ತನ್ನ ಮನೆಯ ಮೆಟ್ಟುಗತ್ತಿ ತಂದು ನಮ್ಮ ಅಂಗಳದಲ್ಲಿ ಕೂತರು. ಅವರನ್ನು ನೋಡಿ ಇನ್ನೊಬ್ಬರು ಬಂದರು. ಐದನೇ ರಾತ್ರಿ ಒಂಬತ್ತು ಜನ ಕೂತಿದ್ದರಂತೆ. ಅತ್ತೆ ಎಲ್ಲರಿಗೂ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಇಟ್ಟು ತಾವೂ ಸುಲಿಯಲು ಕೂತರು.

ಅತ್ತೆ ಇನ್ನೊಂದು ಕೆಲಸ ಮಾಡಿದರು. ಮಗಳ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಎಲ್ಲ ಬರೆದಿಟ್ಟರು. ಯಾವ ಮನೆಯಿಂದ ಎಷ್ಟು ಜನ, ಎಷ್ಟು ದಿನ. ಬಂದವರಿಗೆ "ಇದು ಮುಯ್ಯಾಳು, ಉಪಕಾರ ಅಲ್ಲ" ಎಂದು ಮೊದಲೇ ಹೇಳಿಬಿಟ್ಟರಂತೆ. ನಮ್ಮೂರಿನಲ್ಲಿ ಮುಯ್ಯಾಳು ಗೊತ್ತಿಲ್ಲದವರಿಲ್ಲ. ಇವತ್ತು ನೀವು ನಮ್ಮ ತೋಟಕ್ಕೆ, ನಾಳೆ ನಾವು ನಿಮ್ಮ ತೋಟಕ್ಕೆ. ಆಮೇಲೆ ನಾನು ಆ ಹಾಳೆಗಳನ್ನು ಕೂಡಿಸಿ ನೋಡಿದೆ. 63 ಆಳು.

ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿದ್ದು ನಮ್ಮೂರ ಶಾಲೆಯ ಅಕ್ಕೋರು, ಅಂದರೆ ಟೀಚರ್. ನನ್ನ ಗೆಳತಿಯೂ ಹೌದು. ಸ್ತ್ರೀಶಕ್ತಿ ಸಂಘದ 11 ಹೆಂಗಸರ ಪಟ್ಟಿ ಮಾಡಿದಳು. ಒಬ್ಬೊಬ್ಬರಿಗೆ ಎರಡು ರಾತ್ರಿ. ಬೆಳಿಗ್ಗೆ ಶಿರಸಿಯಿಂದ ಹುಬ್ಬಳ್ಳಿ ಬಸ್ಸು, ಬಂದವರು ಹಿಂದಿನವರನ್ನು ಬಿಡಿಸಿ ಕಳಿಸಬೇಕು. ಇನ್ನೊಂದು ನಿಯಮ: ದಿನಕ್ಕೆ ಒಂದೇ ಸಲ, ಸಂಜೆ ಆರಕ್ಕೆ, ಅವಳೇ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕುವುದು. ಯಾರೂ ಯಜಮಾನರಿಗೆ ಫೋನ್ ಮಾಡಬಾರದು. ಇದಕ್ಕೆ ಕೆಲವರಿಗೆ ಬೇಜಾರಾಯಿತು. ನಮ್ಮ ಹತ್ತಿರದ ಸಂಬಂಧಿಯೊಬ್ಬರು ಇನ್ನೂ ಅವಳ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಆದರೆ ನಮ್ಮವರು ರಾತ್ರಿ ನಾಲ್ಕು ತಾಸು ನಿದ್ದೆ ಮಾಡಿದ್ದು ಆ ನಿಯಮದಿಂದಲೇ.

ನನ್ನ ಕಡೆಯಿಂದ ಹೇಳುವುದಾದರೆ, ಐಸಿಯುನಲ್ಲಿ ಅತಿ ಕಷ್ಟದ್ದು ನೋವಲ್ಲ. ತಲೆ ಪೂರ್ತಿ ಸರಿ ಇರುತ್ತದೆ, ಎಲ್ಲ ಕೇಳುತ್ತದೆ, ಆದರೆ ಒಂದು ಬೆರಳೂ ಅಲ್ಲಾಡುವುದಿಲ್ಲ. ಮಾತಿಲ್ಲ. ಮುಖವೂ ಜೋತುಬಿದ್ದು ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಕಣ್ಣುಗುಡ್ಡೆ ಮಾತ್ರ ತಿರುಗುತ್ತಿತ್ತು. ಬೆನ್ನಿನ ಕೆಳಗೆ ಬೆಡ್‌ಶೀಟ್ ಮಡಚಿ ಒತ್ತುತ್ತಿದ್ದರೆ ಅದನ್ನು ಹೇಳುವುದು ಹೇಗೆ?

ಅಕ್ಕೋರು ಹಳೆ ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಅಕ್ಷರ ಬರೆದು ತಂದಳು. ಒಂದು ಸಾಲಿನಲ್ಲಿ ಸ್ವರ, ಕೆಳಗೆ ಕ ಗ, ಚ ಜ, ಟ ಡ ಹೀಗೆ. ಅವಳು ಸಾಲಿನ ಮೇಲೆ ಬೆರಳಿಡುವುದು, ನಾನು ಕಣ್ಣು ಮೇಲೆತ್ತಿದರೆ ಹೌದು. ಆಮೇಲೆ ಆ ಸಾಲಿನ ಒಂದೊಂದೇ ಅಕ್ಷರ. ಭೇಟಿಗೆ ಕೊಡುವುದೇ ಹತ್ತು ನಿಮಿಷ, ಹಾಗಾಗಿ ಕಾಗುಣಿತ ಬಿಟ್ಟುಬಿಟ್ಟಿದ್ದಳು. ಖ, ಘ, ಛ, ಝ ಒಂದೂ ಇರಲಿಲ್ಲ. ನಾನು ಆ ಹಾಳೆಯಲ್ಲಿ ಏನನ್ನೋ ಹುಡುಕುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಗಿರಬೇಕು. ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಈಗ ಇರೋ ಪ್ರಾಣ ಉಳಿಸ್ಕ. ಮಹಾಪ್ರಾಣ ಆಮೇಲೆ ನೋಡನ."

ಮೆಷಿನ್ನು ಉಸಿರಾಡಿಸುತ್ತಿದ್ದವಳಿಗೆ ನಗು ಬಂದರೆ ಏನಾಗುತ್ತದೆ ಗೊತ್ತಾ? ಅಲಾರಂ ಹೊಡೆದುಕೊಳ್ಳುತ್ತದೆ. ನರ್ಸ್ ಓಡಿಬಂದಳು.

ನಾನು ಮೊದಲು ಹೇಳಿದ್ದು ಬೆನ್ನು. ಬ, ನ, ಮತ್ತೆ ನ. ಯಜಮಾನರು ಬಹಳ ಹೊತ್ತು ಯೋಚಿಸಿ "ಬನ್ಸ್ ಬೇಕಾ?" ಅಂದರು. ಮೂಗಿನಲ್ಲಿ ನಳಿಗೆ ಹಾಕಿ ಊಟ ಕೊಡುತ್ತಿದ್ದಾರೆ, ಇವರು ಬನ್ಸ್ ತರುತ್ತಾರಂತೆ! ಮರುದಿನವೇ ಹಾಳೆಯ ಕೆಳಗೆ ಇಡೀ ಪದಗಳು ಬಂದವು: ಬೆನ್ನು, ಕಾಲು, ಕಫ, ಚಳಿ, ಸೆಕೆ, ಕಣ್ಣಿಗೆ ಔಷಧಿ, ಮಗಳು. ಈ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬಂದದ್ದು. ನರ್ಸ್‌ಗಳೂ ಅದನ್ನೇ ಹಿಡಿದು ಕೇಳುತ್ತಿದ್ದರು. ಯಾರಿಗಾದರೂ ಇಂಥ ಸ್ಥಿತಿ ಬಂದರೆ ಮೊದಲ ದಿನವೇ ಹೀಗೊಂದು ಹಾಳೆ ಮಾಡಿ.

ಮೂರನೇ ವಾರ ಹೆಗಲು ಅಲ್ಲಾಡಿತು. ಆಮೇಲೆ ಮೊಣಕೈ. ಹೋದ ಶಕ್ತಿ ಮೇಲಿನಿಂದ ಕೆಳಕ್ಕೆ ವಾಪಸ್ ಬರುತ್ತದೆ, ಪಾದ ಎಲ್ಲಕ್ಕಿಂತ ಕೊನೆಗೆ. ವಾರ್ಡಿಗೆ ಹಾಕಿದ ಮೇಲೆ ನುಂಗಲು ಕಲಿಸಿದರು. ನೀರಿನಂಥದ್ದು ಶ್ವಾಸಕ್ಕೆ ಹೋಗುತ್ತದೆ, ಹಾಗಾಗಿ ಗಟ್ಟಿ ಗಂಜಿ ಮಾತ್ರ. ನನಗೆ ಒಂದೆಲಗದ ತಂಬುಳಿಯದ್ದೇ ಆಸೆ. ಕೆಳಗಿನ ಮನೆ ಅಕ್ಕ ಪ್ರೀತಿಯಿಂದ ಬಾಟಲಿಯಲ್ಲಿ ತಂದಿದ್ದರು. ಥೆರಪಿಸ್ಟ್ ಬೇಡ ಎಂದರು. ಅಕ್ಕ ನನ್ನ ಎದುರೇ ಕೂತು ಅದನ್ನು ಕುಡಿದರು, ಹಾಳಾಗಬಾರದಲ್ಲ ಅಂತ. ಅವತ್ತು ಬಂದ ಸಿಟ್ಟೇ ನಾನು ಬದುಕುತ್ತೇನೆ ಅನ್ನುವುದಕ್ಕೆ ಗುರುತು ಅಂತ ಯಜಮಾನರು ಈಗಲೂ ಹೇಳುತ್ತಾರೆ.

47ನೇ ದಿನ ಮನೆಗೆ ಬಂದೆ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು. ಊರಲ್ಲೆಲ್ಲ ಮಾರಿಕಾಂಬಾ ಜಾತ್ರೆಯ ಮಾತು. ನನಗೆ ಕೂರಲು ಇಬ್ಬರು ಬೇಕು.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್ ಒಂದು ಹಾಳೆಯಲ್ಲಿ ವ್ಯಾಯಾಮ ಬರೆದುಕೊಟ್ಟಿದ್ದರು. ಎರಡು ಕಡೆ ಹಿಡಿದು ನಡೆಯಲು ಪ್ಯಾರಲಲ್ ಬಾರ್ ಬೇಕು ಎಂದಿದ್ದರು. ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ ಅದರ ಚಿತ್ರ ನೋಡಿ "ಇಷ್ಟೇನಾ?" ಎಂದು ಹೇಳಿ ತೋಟಕ್ಕೆ ಹೋದ. ಬಿದ್ದ ಅಡಿಕೆ ಮರ ಎರಡನ್ನು ತಂದು, ಅಂಗಳದಲ್ಲಿ ಗೂಟ ಹುಗಿದು, ನನ್ನ ಸೊಂಟದ ಎತ್ತರಕ್ಕೆ ಕಟ್ಟಿದ. 20 ಅಡಿ ಉದ್ದ. ಸಿಬಿರು ಚುಚ್ಚದಂತೆ ಅತ್ತೆ ಹಳೆ ಸೀರೆ ಸುತ್ತಿದರು. ಪಾದ ಕೆಳಗೆ ಬೀಳುತ್ತಿತ್ತು, ಅದಕ್ಕೆ ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಹಾಕಿಕೊಂಡು ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ. ಮಗಳು ಒಂದು ತುದಿಯಲ್ಲಿ ಪುಸ್ತಕ ಹಿಡಿದು ಕೂತು ಓದುವುದು, ನಾನು ಅವಳ ಕಡೆ ನಡೆಯುವುದು. ಮಾರ್ಚ್ ಕೊನೆಯಲ್ಲಿ ಅವಳ ಪರೀಕ್ಷೆ ಶುರುವಾಗುವಷ್ಟರಲ್ಲಿ ಆ ತುದಿ ಮುಟ್ಟಿದೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಹುಮ್ಮಸ್ಸಿನಲ್ಲಿ ಒಂದು ದಿನ ಹತ್ತು ಸಲ ನಡೆದೆ. ಮುಂದಿನ ಮೂರು ದಿನ ಏಳಲಾಗಲಿಲ್ಲ. ಈ ಕಾಯಿಲೆಯಲ್ಲಿ ಹಟ ಹಿಡಿದರೆ ಆಗುವುದಿಲ್ಲ. ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಕೈಗೆ ಮಾತ್ರ ಆಸ್ಪತ್ರೆಯ ರಬ್ಬರ್ ಚೆಂಡಿಗಿಂತ ಮನೆಯ ಕೆಲಸವೇ ಚೆನ್ನಾಗಿತ್ತು: ಚಪಾತಿ ಹಿಟ್ಟು ನಾದುವುದು, ಬೇಯಿಸಿದ ಶೇಂಗಾ ಸುಲಿಯುವುದು, ಒಣ ಅಡಿಕೆಯಲ್ಲಿ ಕೆಟ್ಟದ್ದನ್ನು ಆರಿಸುವುದು.

ಅಡಿಕೆ ಆರಿಸುತ್ತಾ ಕೂತಾಗಲೇ ಆ ನೋಟ್‌ಬುಕ್ ಸಿಕ್ಕಿದ್ದು. ಅಲ್ಲಿಯವರೆಗೆ ನನಗೆ ಒಂಥರಾ ನಾಚಿಕೆ ಇತ್ತು. ಯಾರು ಬಂದರೂ "ನಿಮಗೆಲ್ಲ ತೊಂದರೆ ಕೊಟ್ಟೆ" ಅನ್ನುವುದೇ ನನ್ನ ಮಾತು. 63 ಅನ್ನುವ ಲೆಕ್ಕ ನೋಡಿದ ಮೇಲೆ ಅದು ನಿಂತಿತು. ಸಾಲ ಅಂದರೆ ತೀರಿಸಬಹುದಲ್ವಾ?

ಒಂಬತ್ತು ತಿಂಗಳಿಗೆ ಕೋಲಿಲ್ಲದೆ ನಡೆದೆ. ಮುಂದಿನ ಕೊಯ್ಲಿಗೆ ಮೇಲಿನ ಮನೆಗೆ ಸುಲಿಯಲು ಹೋದೆ. ದಿನಕ್ಕೆ ಎರಡು ತಾಸು, ಅದನ್ನು ಅತ್ತೆ ಕಾಲು ಆಳು ಅಂತ ಬರೆದುಕೊಂಡರು. ಅವರ ಲೆಕ್ಕದಲ್ಲಿ ದಯೆ ದಾಕ್ಷಿಣ್ಯ ಇಲ್ಲ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಗೇ ಬಹಳ ಜನರಿಗೆ ಜಿಬಿಎಸ್ ಬಂದ ಸುದ್ದಿ ಟಿವಿಯಲ್ಲಿ ಬಂದಾಗ ಊರೆಲ್ಲ ನನಗೆ ಫೋನ್ ಮಾಡಿತು. ಆವತ್ತಿನಿಂದ ನೀರು ಕುದಿಸಿ ಕುಡಿಯಿರಿ ಅಂತ ನಾನು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ. ಪಾದದಲ್ಲಿ ಈಗಲೂ ಜೋಮು ಇದೆ. ಹೊಸ್ತಿಲು ದಾಟುವಾಗ ನೋಡಿಕೊಂಡೇ ದಾಟುತ್ತೇನೆ.

ಆ ಕ್ಯಾಲೆಂಡರ್ ಹಾಳೆ ಕಪಾಟಿನಲ್ಲಿತ್ತು. ಕಳೆದ ಮಳೆಗಾಲದಲ್ಲಿ ಪಕ್ಕದ ಊರಿನ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಆಗಿ ಮಾತು ನಿಂತಾಗ ಅವರ ಮಗ ಕೇಳಿಕೊಂಡು ಬಂದ. ಕೊಟ್ಟೆ. ಎರಡು ತಿಂಗಳ ಮೇಲೆ ವಾಪಸ್ ಬಂತು. ಪದಗಳ ಪಟ್ಟಿಯ ಕೊನೆಯಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹೊಸ ಪದ ಸೇರಿತ್ತು: ಕವಳ.