ವಿಮೆ ನಿಯಮ ಬದಲಾದಾಗ ನಾನು ಬರೆಯುವ ನಾಲ್ಕು ಸಾಲು

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಆರೋಗ್ಯ ವಿಮೆಯ ನಿಯಮ ಬದಲಿಸಿದಾಗ ಪಾಲಿಸಿದಾರರಿಗೆ ಕೊಡುವ ಮಾಹಿತಿ ಚೀಟಿಯನ್ನೂ ಹೊಸದಾಗಿ ಬರೆಯಬೇಕಾಯಿತು. ಪ್ರತಿ ನಿಯಮಕ್ಕೂ ನಾಲ್ಕೇ ಸಾಲು: ಯಾರಿಗೆ, ಎಂದಿನಿಂದ, ಯಾವುದು ಬದಲಾಗಿಲ್ಲ, ಪಾಲಿಸಿಯಲ್ಲಿ ಎಲ್ಲಿ ನೋಡಬೇಕು. ಸುದ್ದಿಯ ತಲೆಬರಹದಲ್ಲಿ ಸಿಗದಿರುವುದು ಮೂರನೆಯದು.

ಮೊರಟೋರಿಯಂ, ಎಂದರೆ ಪಾಲಿಸಿ ಕೊಳ್ಳುವಾಗ ಕೊಟ್ಟ ಮಾಹಿತಿಯನ್ನು ಕಂಪನಿ ಪ್ರಶ್ನಿಸಬಹುದಾದ ಅವಧಿ, 8 ವರ್ಷದಿಂದ 5ಕ್ಕೆ ಇಳಿಯಿತು. ಇದನ್ನು ಕೇಳಿದ ಬಹಳ ಜನ, ಐದು ವರ್ಷ ಕಟ್ಟಿದರೆ ಯಾವ ಕ್ಲೇಮನ್ನೂ ತಳ್ಳಿಹಾಕುವಂತಿಲ್ಲ ಎಂದುಕೊಂಡರು. ಕಾಯಿಲೆ ಹೇಳಲಿಲ್ಲ, ತಪ್ಪು ಮಾಹಿತಿ ಕೊಟ್ಟಿರಿ ಎಂಬ ಕಾರಣ ಮಾತ್ರ ಆಮೇಲೆ ನಡೆಯದು. ವಂಚನೆ ಸಾಬೀತಾದರೆ ಅದೂ ನಡೆಯುತ್ತದೆ. ರೂಮ್ ಬಾಡಿಗೆ ಮಿತಿ, ಕೋ-ಪೇ (ಬಿಲ್ಲಿನಲ್ಲಿ ನೀವೇ ಕಟ್ಟಬೇಕಾದ ಪಾಲು), ಪಾಲಿಸಿಯಿಂದ ಹೊರಗಿಟ್ಟ ಚಿಕಿತ್ಸೆಗಳು ಇದ್ದ ಹಾಗೇ ಇರುತ್ತವೆ. 5 ಲಕ್ಷದ ಪಾಲಿಸಿಯನ್ನು 10 ಲಕ್ಷಕ್ಕೆ ಏರಿಸಿದರೆ ಹೆಚ್ಚಿದ 5 ಲಕ್ಷಕ್ಕೆ ಎಣಿಕೆ ಅಂದಿನಿಂದ ಶುರು. ಅದಕ್ಕೇ ಚೀಟಿಯಲ್ಲಿ ಎರಡು ದಿನಾಂಕ ಬರೆಸುತ್ತೇನೆ. ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಂಡವರು (ಪೋರ್ಟ್ ಮಾಡಿಸಿದವರು) ಹಳೆಯ ಪಾಲಿಸಿ ಪ್ರತಿಗಳನ್ನು ಎಸೆಯಬಾರದು, ಹಿಂದಿನ ವರ್ಷಗಳಿಗೆ ಅವೇ ಸಾಕ್ಷಿ.

ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷ. 'ಗರಿಷ್ಠ' ಎಂಬುದಕ್ಕೆ ಅಡಿಗೆರೆ ಹಾಕುತ್ತೇನೆ, ಏಕೆಂದರೆ ಕೆಲವು ಪಾಲಿಸಿಗಳಲ್ಲಿ ಅದು ಇನ್ನೂ ಕಡಿಮೆ. 65 ದಾಟಿದವರೂ ಹೊಸದಾಗಿ ವಿಮೆಗೆ ಅರ್ಜಿ ಹಾಕಬಹುದು ಎಂದರೆ ಕಂಪನಿ ಎಲ್ಲ ಅರ್ಜಿಯನ್ನೂ ಒಪ್ಪಲೇಬೇಕು ಎಂದಲ್ಲ.

ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯೊಳಗೆ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಈ ಲೆಕ್ಕ ರೋಗಿ ದಾಖಲಾದ ಕ್ಷಣದಿಂದಲ್ಲ, ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದಾಗಿನಿಂದ. ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಇನ್ಶೂರೆನ್ಸ್ ಡೆಸ್ಕಿನಲ್ಲಿ 'ಎಷ್ಟು ಹೊತ್ತಿಗೆ ಕಳಿಸಿದಿರಿ' ಎಂದು ಕೇಳಿ ಬರೆದುಕೊಳ್ಳಿ. 3 ಗಂಟೆ ಮೀರಿದ್ದಕ್ಕೆ ಆಸ್ಪತ್ರೆ ಹೆಚ್ಚುವರಿ ಹಾಕಿದರೆ ಅದು ಕಂಪನಿಯ ಹೊರೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ಮೊತ್ತದ) ಪಾಲಿಸಿಗೆ 18% ಜಿಎಸ್‌ಟಿ ಇಲ್ಲ. ಕೆಲಸದ ಕಡೆಯ ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಅನ್ವಯಿಸದು. 20,000 ಮೂಲ ಪ್ರೀಮಿಯಂಗೆ 23,600 ಕಟ್ಟುತ್ತಿದ್ದವರಿಗೆ 3,600 ಉಳಿತಾಯ, ಮೂಲ ಪ್ರೀಮಿಯಂ ಏರದಿದ್ದರೆ. ಹೋಲಿಸಬೇಕಾದ್ದು ಎರಡು ವರ್ಷದ ಮೂಲ ಪ್ರೀಮಿಯಂಗಳನ್ನು, ಕೊನೆಯ ಮೊತ್ತವನ್ನಲ್ಲ. 60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸುವ ಮೊದಲು ಕಂಪನಿ ಐಆರ್‌ಡಿಎಐ ಜತೆ ಸಮಾಲೋಚಿಸಬೇಕು.

ಪಾಲಿಸಿಯ ಜತೆ ಬರುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಬಹುದು. ಕೇಳದಿದ್ದರೆ ಇಂಗ್ಲಿಷಿನದೇ ಬರುತ್ತದೆ. ದೂರು ಮೊದಲು ಕಂಪನಿಗೆ, ಲಿಖಿತವಾಗಿ. 30 ದಿನ ಉತ್ತರವಿಲ್ಲದಿದ್ದರೆ ವಿಮಾ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ.